ಬೇಡ ಅಂದರೆ ಎರಡು ಸೌಟು

ನಮ್ಮ ಕಡೆ ಊಟದ ಎಲೆಯ ಮುಂದೆ ಕೂತು ಬೇಡ ಅನ್ನುವುದು ಬರೀ ಮರ್ಯಾದೆಯ ಮಾತು. ಅದಕ್ಕೆ ಬೇಡ ಎಂಬ ಅರ್ಥ ಯಾರೂ ಕೊಡುವುದಿಲ್ಲ. ಒಂದು ಸಲ ಬೇಡ ಅಂದರೆ ಬಡಿಸುವವರು ಒಂದು ಸೌಟು ಹಾಕುತ್ತಾರೆ. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು ಬೇಡವೇ ಬೇಡ ಅಂದರೆ ಕೈಯ ಸಂದಿಯಲ್ಲಿ ಎರಡು ಸೌಟು ಹೊಯ್ಯುತ್ತಾರೆ. ನಿಜವಾಗಿ ಸಾಕಾದವನು ಎಲೆ ಬಿಟ್ಟು ಎದ್ದು ಓಡಬೇಕು. ಹೀಗೆ ಬೆಳೆದ ನನಗೆ, ಐವತ್ತು ದಾಟಿದ ಮೇಲೆ, ಒಬ್ಬಳು ಡಾಕ್ಟರಮ್ಮ "ಬೇಡ ಅನ್ನೋದನ್ನ ಅಭ್ಯಾಸ ಮಾಡ್ಕೊಳ್ಳಿ" ಎಂದು ಉಪದೇಶ ಮಾಡಿದಳು. ಅಭ್ಯಾಸ ನನಗೆ ಚೆನ್ನಾಗಿಯೇ ಇತ್ತು. ಬೇಡ ಬೇಡ ಅನ್ನುತ್ತಲೇ ನಾನು ಎಂಬತ್ತೆರಡು ಕೆಜಿ ಆದದ್ದು.

ಡಾಕ್ಟರಮ್ಮನಿಗೆ ನನ್ನ ಚಂದದ ಚಿಂತೆ ಇರಲಿಲ್ಲ. ನನ್ನ ತಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ಬಿಪಿ ಮಾತ್ರೆ ಕೊಟ್ಟರೆ, ತಲೆನೋವೇ ಇಲ್ಲದವ ಮಾತ್ರೆ ಯಾಕೆ ನುಂಗಬೇಕು ಎಂದು ಅದನ್ನು ವರ್ಷಗಟ್ಟಲೆ ದೇವರ ಪಟದ ಹಿಂದೆ ಇಟ್ಟ ಜಾಣ ಅವನು. ಬೈಂದೂರು ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಬನ್ಸು, ಮಧ್ಯಾಹ್ನ ಮೀನೂಟ, ಭಾನುವಾರ ಕೋಳಿ. ಊರಿಗೆಲ್ಲ ಉಣ್ಣಿಸುವ ಅವನು ಈಗ ವಾರಕ್ಕೆ ಮೂರು ದಿನ ಕುಂದಾಪುರಕ್ಕೆ ಬಂದು, ಯಂತ್ರಕ್ಕೆ ಕೈ ಕೊಟ್ಟು ಡಯಾಲಿಸಿಸ್‌ಗೆ ಮಲಗುತ್ತಿದ್ದ. ಕೈಯ ನರವೂ ಕೆಡುತ್ತಾ ಬಂದಿತ್ತು. ಯಾರಾದರೂ ಒಂದು ಕಿಡ್ನಿ ಕೊಡಬೇಕಿತ್ತು. ಅವನ ಹೆಂಡತಿಯದು ಹೊಂದಲಿಲ್ಲ, ನನ್ನದು ಹೊಂದಿತು.

ದೊಡ್ಡಾಸ್ಪತ್ರೆಯಲ್ಲಿ ನನ್ನನ್ನು ಮೇಲೆ ಕೆಳಗೆ ಪರೀಕ್ಷೆ ಮಾಡಿ, ಡಾಕ್ಟರಮ್ಮ ಕಾಗದಗಳನ್ನು ಒಟ್ಟು ಮಾಡಿಟ್ಟು ನನ್ನ ಮುಖ ನೋಡಿದಳು. "ಕಿಡ್ನಿ ತುಂಬಾ ಚೆನ್ನಾಗಿದೆ ಅಮ್ಮಾ. ಅದರ ಸುತ್ತ ನೀವೇ ಸ್ವಲ್ಪ ಜಾಸ್ತಿ ಇದ್ದೀರಿ. ಹನ್ನೆರಡು ಕೆಜಿ ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್. ಬೇಗ ಇಳಿಸಿ. ನಿಮ್ಮ ತಮ್ಮನ ಹತ್ತಿರ ತುಂಬಾ ಸಮಯ ಇಲ್ಲ."

ಹೀಗೆ ನನ್ನ ತಮ್ಮನ ಜೀವ ನನ್ನ ಹೊಟ್ಟೆಯ ಮೇಲೆ ಬಂದು ಕೂತಿತು.

ನಾನು ಬ್ರಹ್ಮಾವರದಲ್ಲಿ ಟೈಲರ್. ಹೆಂಗಸರ ರವಿಕೆ ಹೊಲಿಯುತ್ತೇನೆ. ಊರಿನ ಹೆಂಗಸರಲ್ಲಿ ಯಾರು ಎಷ್ಟು ಊದಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. "ಈ ಬಟ್ಟಿ ನೀರಿಗ್ ಹಾಕಿದ್ದೇ ಸಣ್ಣ ಆಯ್ತ್, ಅಕ್ಕ" ಎಂದು ಬರುವವರಿಗೆ ನಾನು ಹೌದು ಹೌದು ಅನ್ನುತ್ತೇನೆ. ಬಟ್ಟೆಯೇನೂ ಸಣ್ಣದಾಗಿರುವುದಿಲ್ಲ. ಅದಕ್ಕೇ ನಾನು ಯಾವ ರವಿಕೆಗೂ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಟ್ಟು ಹೊಲಿಯುವುದು. ಆರು ತಿಂಗಳಿಗೆ ಬಂದಾಗ ಒಂದು ಹೊಲಿಗೆ ಬಿಚ್ಚಿಕೊಟ್ಟರೆ ಎಲ್ಲರ ಮಾನ ಉಳಿಯುತ್ತದೆ. ನನ್ನನ್ನು ಹೊಲಿಯುವಾಗ ದೇವರೂ ಹಾಗೆಯೇ ಒಳಗೆ ಬಿಟ್ಟಿದ್ದ, ಅವನು ಮಾತ್ರ ಕೈ ಸ್ವಲ್ಪ ಉದಾರ ಮಾಡಿದ್ದ.

ಮೊದಲ ವಾರವೇ ನನ್ನ ಮನಸ್ಸು ಎಂಥ ಕಳ್ಳ ವಕೀಲ ಎಂಬುದು ಗೊತ್ತಾಯಿತು. ನಾನು ಒಂದು ಕಾನೂನು ಮಾಡಿದರೆ ಅದು ಅರ್ಧ ಗಂಟೆಯಲ್ಲಿ ಹತ್ತು ತೂತು ಹುಡುಕುತ್ತಿತ್ತು. ಕೂತು ತಿಂದರೆ ಊಟ, ನಿಂತು ತಿಂದದ್ದು ಲೆಕ್ಕಕ್ಕಿಲ್ಲ. ಗಂಡನ ಬಟ್ಟಲಿನಿಂದ ತೆಗೆದು ತಿಂದರೆ ಅದು ಗಂಡನ ಹೊಟ್ಟೆಗೇ ಹೋದ ಹಾಗೆ. ಇಡೀ ಚಕ್ಕುಲಿ ಅಂದರೆ ತಿಂಡಿ, ಮುರಿದ ಚಕ್ಕುಲಿ ಅಂದರೆ ಬರೀ ಪುಡಿ. ಚಕ್ಕುಲಿ ತಾನಾಗಿ ಮುರಿಯದಿದ್ದರೆ ನಾನೇ ಸ್ವಲ್ಪ ಸಹಾಯ ಮಾಡುತ್ತಿದ್ದೆ. ದೋಸೆ ಹುಯ್ಯುವಾಗ ಮೊದಲನೆಯದು ಕಾವಲಿಯಿಂದ ಸರಿಯಾಗಿ ಏಳುವುದಿಲ್ಲವಲ್ಲ, ಆ ಹರಿದ ದೋಸೆಯನ್ನು ಬೇರೆ ಯಾರಿಗೆ ಕೊಡುವುದು? ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಮೊದಲ ಮೂರು ದೋಸೆಯೂ ಹರಿಯುತ್ತಿದ್ದವು.

ನನ್ನ ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಮಾರುವ ಪೈಪಿಗಿಂತ ಒಂದು ನೂಲು ದಪ್ಪ ಇದ್ದಾರೆ, ಅಷ್ಟೆ. ಆನೆಯಷ್ಟು ತಿಂದರೂ ಮೈಗೆ ಹತ್ತದ ಜಾತಿ. "ಆಸೆ ಆಯ್ರೆ ತಮ್ಮನ್ ಮುಖ ನೆನ್ಸ್ಕೊ. ಹಸಿವು ತನ್ನಿಂತಾನೇ ಹೋತ್ತ್" ಎಂದು ಉಪಾಯ ಹೇಳಿಕೊಟ್ಟರು. ನೆನೆಸಿಕೊಂಡೆ. ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಹಸಿವಾಗುತ್ತದೆ. ಅವತ್ತು ತಮ್ಮನ ಮುಖ ನೆನೆಸಿಕೊಂಡು ಅತ್ತು, ಅರ್ಧ ಡಬ್ಬ ಅವಲಕ್ಕಿ ಖಾಲಿ ಮಾಡಿದೆ.

ಸಂಜೆ ನಾಲ್ಕಕ್ಕೆ ನನ್ನ ಅಂಗಡಿಯ ಕೆಳಗಿನ ಹೋಟೆಲಿನಲ್ಲಿ ಗೋಳಿಬಜೆ ಎಣ್ಣೆಗೆ ಬೀಳುತ್ತದೆ. ಹೊಲಿಗೆ ಯಂತ್ರವನ್ನು ಕಿಟಕಿಗೆ ಬೆನ್ನು ಹಾಕಿ ತಿರುಗಿಸಿಟ್ಟೆ. ವಾಸನೆ ಬರುವುದು ಮುಂದಿನಿಂದಲೂ ಅಲ್ಲ, ಹಿಂದಿನಿಂದಲೂ ಅಲ್ಲ, ನೆಲದಿಂದ. ಆ ಹೊತ್ತಿಗೆ ಬಾಯಲ್ಲಿ ಲವಂಗ ಇಟ್ಟುಕೊಂಡೆ, ಹಲ್ಲು ಉಜ್ಜಿಕೊಂಡೆ, ಎರಡು ಲೋಟ ನೀರು ಕುಡಿದೆ. ಹಲ್ಲು ಉಜ್ಜಿದ ಮೇಲೆ ಗೋಳಿಬಜೆ ತಿಂದರೆ ರುಚಿ ಸ್ವಲ್ಪ ಕಡಿಮೆ ಎಂಬುದೊಂದು ತಿಳಿಯಿತು. ಗಂಡ ಒಂದು ಸಂಜೆ ಪೊಟ್ಟಣ ಕಟ್ಟಿಸಿಕೊಂಡು ಬಂದು, ನನ್ನ ಎದುರೇ ಕೂತು ಒಂದೊಂದೇ ಚಟ್ನಿಗೆ ಅದ್ದಿ, "ನಿಂಗೊಂದ್ ಬೇಕಾ? ಓ, ನಿಂಗೆ ಬ್ಯಾಡ ಅಲ್ದಾ" ಅಂದರು. ಮದುವೆಯಾದ ಮೇಲೆ ಅವರ ಎಷ್ಟೋ ಮಾತು ಕ್ಷಮಿಸಿದ್ದೇನೆ, ಆ "ಅಲ್ದಾ" ಮಾತ್ರ ಇನ್ನೂ ಕ್ಷಮಿಸಿಲ್ಲ.

ಮನಸ್ಸಿನೊಳಗಿನ ವಕೀಲನನ್ನಾದರೂ ಸುಧಾರಿಸಬಹುದಿತ್ತು, ಹೊರಗಿನವರು ಬಂದರಲ್ಲ! ನಾನು ತಮ್ಮನಿಗೆ ಕಿಡ್ನಿ ಕೊಡುತ್ತೇನಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ನೆಂಟರು ಬಸುರಿಗೆ ಬಯಕೆ ಬಡಿಸಲು ಬಂದ ಹಾಗೆ ಬರತೊಡಗಿದರು. ಸಾಲಿಗ್ರಾಮದಿಂದ ಚಿಕ್ಕಮ್ಮ ಹಾಲುಬಾಯಿ ಮಾಡಿ ತಂದರು. ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಕಾಯಿಸಿ, ತುಂಡು ಮಾಡಿ, ಬಾಳೆಲೆಯಲ್ಲಿ ಸುತ್ತಿ. ಜೊತೆಗೆ ಅರಶಿನ ಎಲೆಯ ಕಡುಬು, ಎಳ್ಳುಂಡೆ. ನನಗೆ ಮುಡಿಯಲು ಒಂದು ಮೊಳ ಮಲ್ಲಿಗೆ ಬೇರೆ.

"ಚಿಕ್ಕಮ್ಮ, ನಾನ್ ತೂಕ ಇಳ್ಸ್ಕ್ ಅಂದಿದ್ರ್ ಡಾಕ್ಟ್ರ್."

"ಡಾಕ್ಟ್ರಿಗೆ ಎಂತ ಗೊತ್ತಿತ್ತ್? ಒಳಗಿಂದ್ ಒಂದ್ ಭಾಗವೇ ತೆಗ್ದ್ ಕೊಡುಕ್ ಹೊರಟವ್ಳ್ ನೀನ್. ಸಮಾ ತಿನ್ಕ್. ಖಾಲಿ ಆದ್ ಜಾಗ ತುಂಬುದ್ ಬ್ಯಾಡ್ದಾ?"

ಚಿಕ್ಕಮ್ಮನ ಪ್ರಕಾರ ಕಿಡ್ನಿ ತೆಗೆದಲ್ಲಿ ಒಂದು ಗುಂಡಿ ಬೀಳುತ್ತದೆ, ಅದನ್ನು ಮುಂಗಡವಾಗಿ ಹಾಲುಬಾಯಿಯಿಂದ ತುಂಬಿಡಬೇಕು. ನಾನು ಬೇಡ ಅಂದೆ. ಒಂದು ತುಂಡು ಕೈಗೆ ಬಂತು. ಬೇಡವೇ ಬೇಡ ಅಂದೆ. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು, ಎರಡು ತುಂಡು ಬಾಯಿಗೇ ಬಂತು. ತಿಂಡಿಯ ಆಸೆಯನ್ನು ಹೇಗಾದರೂ ತಡೆಯಬಹುದು, ತಂದವರ ಮುಖ ಸಣ್ಣಗಾಗುವುದನ್ನು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ.

ಇವರೆಲ್ಲರಿಗಿಂತ ದೊಡ್ಡ ಶತ್ರು ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತಿತ್ತು.

ನಮ್ಮ ಹೆದ್ದಾರಿಯ ಖಾಸಗಿ ಬಸ್ಸುಗಳಲ್ಲಿ ಜನ ಹೋಗುವಷ್ಟೇ ಡಬ್ಬಿಗಳೂ ಹೋಗುತ್ತವೆ. ಬೈಂದೂರಿನಲ್ಲಿ ಡ್ರೈವರನ ಪಕ್ಕ ಒಂದು ಚೀಲ ಇಟ್ಟು, ಬ್ರಹ್ಮಾವರದಲ್ಲಿ ಇಂಥವರಿಗೆ ಅಂದರೆ ಸಾಕು, ಬಂದು ಸೇರುತ್ತದೆ. ಮಧ್ಯಾಹ್ನದ ಬಸ್ಸು ಬಸ್‌ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆದು ನಿಲ್ಲುವುದೇ ತಡ, ಕಂಡಕ್ಟರ್ ನನ್ನ ಕಿಟಕಿಯ ಕಡೆಗೆ ತಲೆ ಎತ್ತಿ, "ಹ್ವಾಯ್ ಅಕ್ಕಾ, ಡಬ್ಬಿ ಬಂದಿತ್ತ್" ಎಂದು ಕೂಗುತ್ತಿದ್ದ. ತಮ್ಮ ಕಳಿಸಿದ್ದು. ಒಂದು ದಿನ ಬನ್ಸು, ಒಂದು ದಿನ ನೀರುದೋಸೆಗೆ ಕೋಳಿ ಸಾರು, ಒಂದು ದಿನ ತುಪ್ಪದಲ್ಲಿ ಹುರಿದ ಕೋಳಿ, ಮುಚ್ಚಳ ತೆಗೆದರೆ ಅಂಗಡಿಯ ಬಟ್ಟೆಗಳಿಗೆಲ್ಲ ಅದರ ವಾಸನೆ. ಅವನಿಗೆ ಉಪ್ಪಿಲ್ಲ, ಹುಳಿಯಿಲ್ಲ, ಬೊಂಡದ ಎಳನೀರು ವಿಷ, ಬಾಳೆಹಣ್ಣು ವಿಷ, ದಿನಕ್ಕೆ ಕುಡಿಯುವ ನೀರು ಅಳತೆಯದು. ತಾನು ತಿನ್ನಲಾಗದ್ದನ್ನೆಲ್ಲ ಅಕ್ಕನಾದರೂ ತಿನ್ನಲಿ ಎಂದು ಕಳಿಸುತ್ತಾನೆ ಎಂದು ನಾನು ಕಣ್ಣೊರೆಸಿಕೊಂಡು ತಿನ್ನುತ್ತಿದ್ದೆ. ಅದನ್ನು ಬಿಸಾಡಲು ಯಾವ ಅಕ್ಕನಿಗೆ ಮನಸ್ಸು ಬಂದೀತು?

ಬಂದ ಡಬ್ಬಿಯನ್ನು ಬರಿದಾಗಿ ಹಿಂದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಏನಾದರೂ ಹಾಕಿ ಕಳಿಸಬೇಕು, ಒಂದು ಚಮಚ ಸಕ್ಕರೆಯಾದರೂ. ಆದರೆ ಅವನಿಗೆ ತಿನ್ನುವಂಥದ್ದು ಏನು ಹಾಕಲಿ? ಕರವಸ್ತ್ರ ಹೊಲಿದು ಹಾಕಿದೆ. ಗಲ್ಲಾದ ಮೇಜಿಗೆ ಹೊದಿಕೆ ಹಾಕಿದೆ. ಒಂದು ಸಲ ಅವನ ಅಂಗಿಯ ಎಡತೋಳಿನ ಹೊಲಿಗೆ ಬಿಚ್ಚಿ ಉದ್ದಕ್ಕೆ ಒತ್ತುಗುಂಡಿ ಇಟ್ಟು ಕಳಿಸಿದೆ, ಡಯಾಲಿಸಿಸ್ಸಿಗೆ ಸೂಜಿ ಚುಚ್ಚುವಾಗ ಅಂಗಿ ಬಿಚ್ಚುವ ಕೆಲಸ ಇಲ್ಲ ಎಂದು. ಅದು ಅವನಿಗೆ ಭಾರಿ ಖುಷಿಯಾಯಿತು. ಮಾರನೆಯ ದಿನ ಡಬ್ಬಿಯಲ್ಲಿ ಬಂಗುಡೆ ಫ್ರೈ ಬಂತು.

ಡಯಾಲಿಸಿಸ್ಸಿನ ದಿನ ನಾನೂ ಕುಂದಾಪುರಕ್ಕೆ ಹೋಗುತ್ತಿದ್ದೆ. ಬೈಂದೂರಿನಿಂದ ಅವನು ಕೆಳಗೆ, ಬ್ರಹ್ಮಾವರದಿಂದ ನಾನು ಮೇಲೆ, ನಡುವೆ ಅಲ್ಲಿ ಭೇಟಿ. ಆ ವಾರ್ಡಿನ ಬಾಗಿಲಲ್ಲಿ ಒಂದು ತೂಕದ ಯಂತ್ರ ಇತ್ತು. ಮಲಗುವ ಮೊದಲು ಅವನನ್ನು ಹತ್ತಿಸುತ್ತಿದ್ದರು. ಹಿಂದಿನ ಸಲಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟೂ ಅವನು ಕುಡಿದ ನೀರು. ಅದನ್ನು ಯಂತ್ರ ಹಿಂಡಿ ತೆಗೆಯಬೇಕು. ಅವನಾದ ಮೇಲೆ ನಾನು ಹತ್ತುತ್ತಿದ್ದೆ. ಅವನು ಕಿಸೆಯ ಮೊಬೈಲ್ ತೆಗೆದಿಡುತ್ತಿದ್ದ, ನಾನು ಬಳೆ ತೆಗೆದಿಡುತ್ತಿದ್ದೆ. ನರ್ಸು ಇಬ್ಬರಿಗೂ ಬೈಯುತ್ತಿದ್ದಳು. "ನೀರು ಕುಡಿದಿರಾ?" "ಇಲ್ಲ." "ನೀವು ಅನ್ನ ತಿಂದಿರಾ?" "ಇಲ್ಲ." ಯಂತ್ರದ ಮುಳ್ಳು ಇಬ್ಬರ ಮಾತನ್ನೂ ನಂಬುತ್ತಿರಲಿಲ್ಲ. ಒಂದೇ ತಾಯಿಯ ಮಕ್ಕಳು ಎಂದು ತೋರಿಸಲು ಬೇರೆ ಪರೀಕ್ಷೆ ಬೇಕಿರಲಿಲ್ಲ.

ಅವನ ಮುಖ ದಿನದಿನಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ತೂಕ ಎರಡು ಇಳಿದರೆ ಒಂದೂವರೆ ಏರುತ್ತಿತ್ತು. ಹೀಗೇ ಆದರೆ ನನ್ನ ಹೆಸರು ಬಿಟ್ಟು ಬೇರೆ ದಾರಿ ನೋಡಬೇಕಾಗುತ್ತದೆ ಎಂದು ಡಾಕ್ಟರಮ್ಮ ಫೋನಿನಲ್ಲಿ ಎಚ್ಚರಿಸಿದಳು. ಬೇರೆ ದಾರಿ ಅಂದರೆ ಸರದಿಯಲ್ಲಿ ಹೆಸರು ಬರೆಸಿ, ಯಾರೋ ಸಾಯುವುದನ್ನು ಕಾಯುವುದು. ಆ ಸುದ್ದಿ ಹೇಳಿದಾಗ ವಾರ್ಡಿನಲ್ಲಿ ಮಲಗಿದ್ದ ತಮ್ಮನ ಮುಖ ಅರಳಿತು. ಅರಳಿದ್ದನ್ನು ನಾನು ನೋಡಿದೆ. ಸಾಯಲು ಹೊರಟವನಿಗೆ ಇಷ್ಟು ಖುಷಿಯಾಗುವುದು ಯಾಕೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ.

ಟೈಲರಿನ ಬುದ್ಧಿ ಎರಡು ಅಳತೆಯನ್ನು ಪಕ್ಕಪಕ್ಕ ಇಟ್ಟು ನೋಡದೆ ಬಿಡುವುದಿಲ್ಲ. ಕೋಟ ದಾಟುವಷ್ಟರಲ್ಲಿ ನನಗೆ ಹೊಳೆಯಿತು. ನನ್ನ ತೂಕ ಇಳಿದ ಮಾರನೆಯ ದಿನ ತುಪ್ಪದ ಕೋಳಿ ಬರುತ್ತದೆ, ತೂಕ ಏರಿದ ಮಾರನೆಯ ದಿನ ಬರೀ ಎರಡು ಬನ್ಸು. ಒಂದು ಸಲ ಚೆನ್ನಾಗಿ ಇಳಿದಾಗ ಮೂರು ಅಂತಸ್ತಿನ ಡಬ್ಬಿಯೇ ಬಂದಿತ್ತು. ನಾನು ಎಷ್ಟು ಇಳಿಯುತ್ತೇನೋ ಅಷ್ಟನ್ನು ಅವನು ಅಳೆದು ತುಂಬುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ ಸಾಲಿಗ್ರಾಮದಲ್ಲಿ ಇಳಿದು ಏನಾದರೂ ತಿನ್ನೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಡಬ್ಬಿ ಬಂತು. ಮುಚ್ಚಳ ತೆಗೆದೆ. ಕೋಳಿ, ತುಪ್ಪ ತೇಲುತ್ತಿತ್ತು. ಕರಿಬೇವಿನ ಎಲೆ ಮೇಲೆ. ಒಂದೇ ಒಂದು ತುಂಡು ಎಂದು ನನ್ನ ವಕೀಲ ಎದ್ದು ನಿಂತ. ಮುಚ್ಚಳ ಹಾಕಿ, ಅಳತೆ ಟೇಪಿನಿಂದ ಸುತ್ತಿ ಗಂಟು ಹಾಕಿ, ಅದೇ ಬಸ್ಸು ತಿರುಗಿ ಬರುವಾಗ ಕಂಡಕ್ಟರನ ಕೈಗೆ ಕೊಟ್ಟೆ. ಅವನು ಚೀಲ ತೂಗಿ ನೋಡಿ, "ಎಂತ ಅಕ್ಕ, ಇವತ್ ಅಂಗಿ ಭಾರಿ ಭಾರ ಇತ್ತಲೆ" ಅಂದ. ನಮ್ಮಲ್ಲಿ ಬರಿ ಡಬ್ಬಿ ಹಿಂದೆ ಕಳಿಸಿದರೆ ಅವಮಾನ. ಬಂದ ಊಟವನ್ನು ಮುಟ್ಟದೆ ಹಿಂದೆ ಕಳಿಸಿದರೆ ಸಂಬಂಧವೇ ಮುಗಿಯಿತು ಎಂದು ಅರ್ಥ. ನನಗೆ ಗೊತ್ತಿತ್ತು, ಗೊತ್ತಿದ್ದೇ ಕಳಿಸಿದೆ. ಅವತ್ತು ಅವನ ಫೋನು ಬರಲಿಲ್ಲ.

ಮುಂದಿನ ಡಯಾಲಿಸಿಸ್ಸಿಗೆ ನಾನು ಅವನಿಗಿಂತ ಮೊದಲೇ ಹೋಗಿ ಕೂತೆ. ಜಗಳಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೈಗೆ ಎರಡು ನಳಿಗೆ ಚುಚ್ಚಿ ನಾಲ್ಕು ಗಂಟೆ ಮಲಗಿಸಿರುತ್ತಾರೆ, ಎದ್ದು ಓಡುವ ಹಾಗಿಲ್ಲ.

"ಡಬ್ಬಿ ಹಾಂಗೇ ಬಂತಲೆ ಅಕ್ಕ. ಹಾಳಾಯಿತ್ತಾ?" ಎಂದು ಅವನೇ ಶುರು ಮಾಡಿದ.

"ಕೋಳಿ ಹಾಳಾಯ್ಲಿಲ್ಲ. ನಿನ್ ಬುದ್ಧಿ ಹಾಳಾದ್ದ್. ನಾನ್ ಇಳ್ದಾಗೆಲ್ಲ ನೀನ್ ಡಬ್ಬಿ ಏರ್ಸುದ್ ಎಂತಕೆ?"

ಅವನು ತಲೆಯ ಮೇಲಿನ ಸೂರು ನೋಡಿದ. ಯಂತ್ರ ತಿರುಗುತ್ತಲೇ ಇತ್ತು. "ನಂಗೆ ನಿನ್ ಕಿಡ್ನಿ ಬ್ಯಾಡ" ಅಂದ.

"ಅದ್ನ ಬಾಯಲ್ ಹೇಳುಕೆ ಎಂತ ಆಯ್ತ್ ನಿಂಗೆ?"

"ಹೇಳಿದ್ನಲೆ. ಎರಡ್ ಸಲ ಹೇಳ್ದೆ. ನೀನ್ ಕೇಂಡ್ಯಾ?"

ಹೌದು, ಹೇಳಿದ್ದ. ಮೊದಲ ದಿನವೇ ಹೇಳಿದ್ದ, ರಕ್ತ ಪರೀಕ್ಷೆಯ ದಿನವೂ ಹೇಳಿದ್ದ. ನಾನು ಅದನ್ನು ಎಲೆಯ ಮುಂದೆ ಕೂತವರ ಬೇಡ ಎಂದುಕೊಂಡು ಮುಂದೆ ಹೋಗಿದ್ದೆ.

"ಅಬ್ಬಿ ಹೋಪತಿಗೆ ನಾನ್ ಸಣ್ಣವ" ಎಂದ ತಮ್ಮ. ಅಮ್ಮನನ್ನು ನಾವು ಅಬ್ಬಿ ಎನ್ನುವುದು, ಅವನು ಪುಟ್ಟವನಿದ್ದಾಗಲೇ ತೀರಿಕೊಂಡವಳು. "ಹಂಡಿಯಂಗ್ ಗಂಜಿ ಕಡಿಮಿ ಇದ್ರೆ ನೀನ್ ನಿನ್ ಬಟ್ಲಿಂದ್ ತೆಗ್ದ್ ನಂಗ್ ಬಡ್ಸ್ತಿದ್ದೆ. ನಿಂಗ್ ಹಸಿವಿಲ್ಲ ಅಂತಿದ್ದೆ. ನಾನ್ ಉಂತಿದ್ದೆ. ಅದೆಲ್ಲ ನಂಗ್ ನೆನಪಿತ್ತ್ ಅಕ್ಕ. ಈಗ ಒಳಗಿಂದೂ ತೆಗ್ದ್ ಬಡ್ಸ್ತ್ಯಾ? ನಿಂಗೆ ಎಂತಾರೂ ಆರೆ ನಾನ್ ಆ ಕಿಡ್ನಿ ಇಟ್ಕಂಡ್ ಎಂತ ಮಾಡ್ಲಿ?"

ನನಗೆ ಅಳು ಬಂತು. ಅಳು ಬಂದದ್ದಕ್ಕೆ ಮತ್ತೂ ಸಿಟ್ಟು ಬಂತು. ಆ ಗಂಜಿಯ ದಿನಗಳನ್ನು ನಾನು ಮರೆತೇ ಬಿಟ್ಟಿದ್ದೆ. ಎದುರು ಹಸಿದು ಕೂತ ಪುಟ್ಟ ತಮ್ಮನಿದ್ದಾಗ ಬಟ್ಟಲು ಪಕ್ಕಕ್ಕೆ ಸರಿಸಲು ನನಗೆ ಯಾವ ಲವಂಗವೂ, ಯಾವ ಡಾಕ್ಟರಮ್ಮನೂ ಬೇಕಾಗಿರಲಿಲ್ಲ. ಅಷ್ಟು ಹಸಿವಿನಲ್ಲೂ ಆಗಿತ್ತು. ಈಗ ಹೊಟ್ಟೆ ತುಂಬಿರುವಾಗ ಆಗುವುದಿಲ್ಲ ಅಂದರೆ!

"ಕೇಣ್ ಇಲ್ಲಿ. ಎರಡ್ ಸಲ ಬ್ಯಾಡ ಅಂದ್ರೆ ನಮ್ಮೂರಂಗೆ ಎರಡ್ ಸೌಟ್. ಇನ್ನೊಂದ್ ಸಲ ಬ್ಯಾಡ ಅಂದ್ರೆ ಎರಡ್ ಕಿಡ್ನಿಯೂ ತೆಗ್ದ್ ಕೊಡ್ತೆ, ಇಟ್ಕಂಡ್ ಸಾಯಿ" ಎಂದು ಕಿರುಚಿದೆ.

ಪಕ್ಕದ ಹಾಸಿಗೆಯಲ್ಲಿ ಕೈಗೆ ನಳಿಗೆ ಹಾಕಿಕೊಂಡು ಮಲಗಿದ್ದ ಅಜ್ಜ ಒಬ್ಬರು ಮೆಲ್ಲಗೆ ತಲೆ ಎತ್ತಿದರು. "ಹ್ವಾಯ್, ಎರಡೂ ಕೊಡುದಾರೆ ಒಂದ್ ಈಚಿ ಬದಿಗೂ ಬಡ್ಸಿನಿ" ಅಂದರು. ನರ್ಸು ನಕ್ಕಳು, ಅಜ್ಜನೂ ನಕ್ಕರು, ತಮ್ಮ ನಕ್ಕು ನಕ್ಕು ಯಂತ್ರ ಕೂಗಿಕೊಳ್ಳತೊಡಗಿ, ನರ್ಸು ಓಡಿ ಬಂದು ಅವನ ಕೈ ಹಿಡಿದು ಅಲುಗಾಡಬೇಡಿ ಎಂದು ಗದರಿಸಿದಳು. ಆಮೇಲೆ ಅವನು ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ, ನಮ್ಮ ಕಡೆಯವರು ಹಾಗೆ ಅನ್ನುವುದೂ ಇಲ್ಲ. ಕಣ್ಣು ಮುಚ್ಚಿ, ಸೂಜಿ ಇಲ್ಲದ ಕೈಯಿಂದ ನನ್ನ ಸೆರಗಿನ ತುದಿ ಹಿಡಿದುಕೊಂಡು ಮಲಗಿದ. ಅಬ್ಬಿ ಹೋದ ಮೇಲೆ ಹಾಗೆಯೇ ಮಲಗುತ್ತಿದ್ದ.

ಅವತ್ತೇ ನಾನು ಅವನನ್ನು ಕೇಳಿದೆ, ನೀರನ್ನು ಹೇಗೆ ತಡೆಯುತ್ತೀ ಎಂದು. ಏಪ್ರಿಲ್ ತಿಂಗಳು. ಹೊರಗೆ ಬಿಸಿಲು ಕುದಿಯುತ್ತಿತ್ತು. ಹೋಟೆಲಿನವನು, ದಿನವಿಡೀ ಗಿರಾಕಿಗಳ ಮುಂದೆ ನೀರಿನ ಲೋಟ ಇಡುವವನು.

"ಬ್ಯಾಡ ಅಂತ ಹೇಳ್ಕಂಡ್ರೆ ಆತಿಲ್ಲೆ ಅಕ್ಕ. ಬ್ಯಾಡ ಅಂದ್ರೆ ಮನ್ಸ್ ಹಟ ಮಾಡತ್ತ್. ಕಡಿಗ್ ಕಾಂಬ ಅಂತ ಹೇಳ್ಕಣ್ಕ್. ಸಲ್ಪ ಹೊತ್ತಿಗೆ ಅದ್ಕೇ ಮರ್ತ್ ಹೋತ್ತ್. ಮತ್ತೆ ಕೇಂಡ್ರೆ ಮತ್ತೆ ಕಡಿಗ್ ಕಾಂಬ ಅನ್ಕ್."

ಕಡಿಗ್ ಕಾಂಬ, ಅಂದರೆ ಆಮೇಲೆ ನೋಡೋಣ. ನಾನು ಅದನ್ನು ಹಿಡಿದುಕೊಂಡೆ. ನಾಲ್ಕು ಗಂಟೆಯ ಗೋಳಿಬಜೆಗೆ ಕಡಿಗ್ ಕಾಂಬ ಅಂದೆ. ಮನಸ್ಸಿನ ವಕೀಲನಿಗೆ ವಾದಿಸಲು ಏನೂ ಸಿಗಲಿಲ್ಲ, ಯಾಕೆಂದರೆ ನಾನು ಇಲ್ಲ ಅಂದೇ ಇರಲಿಲ್ಲ. ಕೋಟದ ಒಂದು ಮದುವೆಯಲ್ಲಿ ಪಾಯಸ ತಂದವನಿಗೆ ಬೇಡ ಅನ್ನದೆ, "ಕಡಿಗ್ ಹಾಕಿ" ಅಂದೆ. ಅವನು ತಲೆಯಾಡಿಸಿ ಮುಂದಿನ ಎಲೆಗೆ ಹೋದ! ಇಷ್ಟು ವರ್ಷ ಎಲೆಗೆ ಕೈ ಅಡ್ಡ ಹಿಡಿದದ್ದೆಲ್ಲ ದಂಡ. ಅವನು ಎರಡನೇ ಸುತ್ತು ಬರುವಷ್ಟರಲ್ಲಿ ನಾನು ಕೈ ತೊಳೆದು ಬಸ್ಸು ಹತ್ತಿದ್ದೆ. ಚಿಕ್ಕಮ್ಮನ ಹಾಲುಬಾಯಿಗೂ ಅದೇ. "ಇಲ್ಲೇ ಇಡಿ ಚಿಕ್ಕಮ್ಮ, ಕಡಿಗ್ ತಿಂತೆ." ಅವರ ಮುಖ ಸಣ್ಣಗಾಗಲಿಲ್ಲ. ಅವರು ಹೋದ ಮೇಲೆ ಗಂಡನ ಮುಂದೆ ಇಟ್ಟೆ, ಪೈಪಿನೊಳಗೆ ಸರಾಗವಾಗಿ ಹೋಯಿತು.

ದಿನಾ ಗೆದ್ದೆ ಎಂದೇನೂ ಅಲ್ಲ. ಮಳೆ ಹಿಡಿದ ಮೇಲೆ ಒಂದು ಸಂಜೆ ಹಲಸಿನ ಹಪ್ಪಳದ ಕಟ್ಟೊಂದನ್ನು ನಾನೊಬ್ಬಳೇ ಸುಟ್ಟು ಮುಗಿಸಿದೆ. ಆದರೆ ಮಾರನೆಯ ದಿನ, ಹೇಗೂ ಕೆಟ್ಟಿತು ಇನ್ನೇನು ಎಂದು ಇನ್ನೊಂದು ಕಟ್ಟು ಬಿಚ್ಚಲಿಲ್ಲ. ಮೊದಲೆಲ್ಲ ನನ್ನನ್ನು ಮುಳುಗಿಸುತ್ತಿದ್ದದ್ದು ಆ ಎರಡನೇ ಕಟ್ಟೇ.

ಬೈಂದೂರಿನ ಡಬ್ಬಿ ನಿಲ್ಲಲಿಲ್ಲ. ನಿಲ್ಲಿಸು ಎಂದು ನಾನೂ ಹೇಳಲಿಲ್ಲ. ಒಳಗೆ ಈಗ ಮುಳ್ಳುಸೌತೆ ಹೋಳು, ಬೇಯಿಸಿದ ಹೆಸರುಕಾಳು, ಎಣ್ಣೆ ಕಾಣದ ಬಂಗುಡೆ. "ಡಬ್ಬಿ ಈಗ ಹಗುರ ಆಯಿತ್ತಲೆ ಅಕ್ಕ" ಎಂದು ಕಂಡಕ್ಟರ್ ಮರುಗಿದ. ನಾನೂ ಹಗುರಾಗಿದ್ದೆ. ನನ್ನ ರವಿಕೆಗಳನ್ನು ಒಂದೊಂದಾಗಿ ಒಳಗೆ ಹಿಡಿದು ಹೊಲಿದೆ. ಊರಿನವರಿಗೆಲ್ಲ ಹೊಲಿಗೆ ಬಿಚ್ಚಿಕೊಟ್ಟವಳು ನನಗೇ ಹೊಲಿಗೆ ಹಾಕಿಕೊಂಡದ್ದು ಅದೇ ಮೊದಲು. ಡಾಕ್ಟರಮ್ಮ ತೂಕ ನೋಡಿ, ಬಳೆ ತೆಗೆಸದೆಯೇ ಸಾಕು ಅಂದಳು.

ಆಪರೇಷನ್ನಿನ ಬಗ್ಗೆ ನನಗೆ ಹೆಚ್ಚು ಹೇಳಲು ಬರುವುದಿಲ್ಲ, ನಾನು ಮಲಗಿದ್ದೆ. ಎದ್ದಾಗ ಬದಿಯಲ್ಲಿ ಬೆಂಕಿ ಇಟ್ಟ ಹಾಗೆ ಉರಿ. ಗಂಡ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದು ಅಳುತ್ತಿದ್ದರು, ಅವರ ಕಿಸೆಯಲ್ಲಿ ಯಾವುದೋ ತಿಂಡಿಯ ಪೊಟ್ಟಣ ಸದ್ದು ಮಾಡುತ್ತಿತ್ತು. ತಮ್ಮನನ್ನು ಗಾಜಿನ ಕೋಣೆಯಲ್ಲಿ ಇಟ್ಟಿದ್ದರು. ಹೆದರಿಕೆಯ ದಿನಗಳು ಕೆಲವು ಹೋದವು. ಮನೆಗೆ ಬಂದ ಮೇಲೂ ಅವನನ್ನು ಯಾರ ಹತ್ತಿರವೂ ಬಿಡಲಿಲ್ಲ. ನಾನು ಫೋನಿನಲ್ಲೇ ಬೈದುಕೊಂಡು ಇದ್ದೆ.

ಅವನು ನಮ್ಮ ಮನೆಗೆ ಬಂದದ್ದು ಆರೇಳು ತಿಂಗಳಾದ ಮೇಲೆ. ಮೂಗಿಗೆ ಬಾಯಿಗೆ ಮಾಸ್ಕ್, ಮುಖಕ್ಕೆ ಬಣ್ಣ ಬಂದಿತ್ತು. ಯಾರೇ ಬರಲಿ, ಮೊದಲು ಆಸರಿಗೆ, ಅಂದರೆ ಬಾಯಾರಿಕೆಗೆ, ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ ಇಡುವುದು ನಮ್ಮ ಮನೆಯ ಕ್ರಮ. ಅವನು ಕಾಯಿಲೆ ಬಿದ್ದ ಮೇಲೆ ನಾನು ಅವನ ಮುಂದೆ ನೀರು ಇಟ್ಟಿರಲಿಲ್ಲ. ಬಂದವನ ಮುಂದೆ ನೀರು ಇಡದೆ ಇರುವುದು ಎಷ್ಟು ಕಷ್ಟ ಎಂದು ಇಟ್ಟು ಅಭ್ಯಾಸ ಇದ್ದವರಿಗೇ ಗೊತ್ತು. ಈಗ ಡಾಕ್ಟರಮ್ಮ ಅವನಿಗೆ ನೀರು ಕುಡಿ ಕುಡಿ ಎಂದು ಬೈಯುತ್ತಾಳಂತೆ. ಕಾಯಿಸಿ ಆರಿಸಿದ ನೀರನ್ನು ದೊಡ್ಡ ತಂಬಿಗೆಯಲ್ಲಿ ತುಂಬಿ ಜಗಲಿಗೆ ತಂದಿಟ್ಟೆ.

ಮಾಸ್ಕ್ ಕೆಳಗೆ ಮಾಡಿದ. ತಂಬಿಗೆ ಎತ್ತಿ, ತಲೆ ಹಿಂದೆ ಹಾಕಿ ಕುಡಿದ. ಗಂಟಲಿನ ಗಂಟು ಮೇಲೆ ಕೆಳಗೆ ಹೋಗುವುದನ್ನೇ ನಾನು ನೋಡುತ್ತಾ ನಿಂತೆ. ತಂಬಿಗೆ ಬರಿದಾಯಿತು. ಬಾಯಿ ಒರೆಸಿಕೊಂಡು, ಖಾಲಿ ತಂಬಿಗೆಯನ್ನು ನನ್ನ ಕಡೆಗೆ ಚಾಚಿ, "ಇನ್ನೊಂಚೂರ್ ಹಾಕ್ ಅಕ್ಕ" ಅಂದ.

ನಮ್ಮ ಜನ್ಮದಲ್ಲಿ ಯಾರೂ ಬಾಯಿಬಿಟ್ಟು ಇನ್ನೊಂದು ಸಲ ಹಾಕು ಅಂದದ್ದನ್ನು ನಾನು ಕೇಳಿರಲಿಲ್ಲ. ಇನ್ನೊಂದು ತಂಬಿಗೆ ತಂದುಕೊಟ್ಟೆ. ಅದನ್ನೂ ಮುಗಿಸಿದ.

ಸ್ವಲ್ಪ ಹೊತ್ತು ಹೋಟೆಲಿನ ಸುದ್ದಿ ಹೇಳಿದ. ಆಮೇಲೆ ಎದ್ದು, ಬಚ್ಚಲಿದ್ದರೂ ಬಚ್ಚಲಿಗೆ ಹೋಗದೆ, ಸಣ್ಣವನಿದ್ದಾಗ ಹೋಗುತ್ತಿದ್ದ ಹಾಗೆ ಅಂಗಳ ದಾಟಿ ತೆಂಗಿನ ಮರದ ಆಚೆಗೆ ಹೋದ. ಡಯಾಲಿಸಿಸ್ಸಿನ ಕಾಲದಲ್ಲಿ ಅವನಿಗೆ ಮೂತ್ರ ಪೂರಾ ನಿಂತೇ ಹೋಗಿತ್ತು. ನಾನು ಜಗಲಿಯ ಕಂಬ ಹಿಡಿದು, ಉಸಿರು ಬಿಗಿ ಹಿಡಿದು, ನಾಚಿಕೆ ಬಿಟ್ಟು ಕಿವಿಗೊಟ್ಟೆ. ಒಣಗಿದ ತೆಂಗಿನ ಗರಿಯ ಮೇಲೆ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ನನ್ನ ಬದಿಯ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಾ ನಿಂತೆ.

"ಹ್ವಾಯ್ ಅಕ್ಕಾ" ಎಂದು ಮರದ ಆಚೆಯಿಂದ ಕೂಗಿದ. "ನಿನ್ ಕಿಡ್ನಿ ನಿನ್ ಹಾಂಗೇ ಮರಾಯ್ತಿ. ಒಂದ್ ಸಲ ಶುರು ಆರೆ ನಿಲ್ಲುದೇ ಇಲ್ಲೆ!"